ಮನೆತನದ ಮೂಲ ಹುಡುಕಲು ಯಾವ ದಾಖಲೆ ಮೊದಲು? ಕರ್ನಾಟಕದ ಸ್ಥಳೀಯ ದಫ್ತರಗಳ ಹೋಲಿಕೆ

ಮನೆತನದ ಇತಿಹಾಸವನ್ನು ಹುಡುಕುವ ಬಗೆಯನ್ನು ಕುರಿತು ಅಂತರಜಾಲದಲ್ಲಿ ಸಿಗುವ ಬಹುಪಾಲು ಸಲಹೆಗಳು ಅಮೆರಿಕ ಮತ್ತು ಇಂಗ್ಲೆಂಡಿನ ಕೌಂಟಿ ಕಚೇರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಅಲ್ಲಿನವರು ಹುಡುಕಾಟವನ್ನು ಜನಗಣತಿಯಿಂದಲೇ ಆರಂಭಿಸುತ್ತಾರೆ. ಅಮೆರಿಕದಲ್ಲಿ 72 ವರ್ಷ ತುಂಬಿದ ಮೇಲೆ ಗಣತಿಯ ಮನೆ ಮನೆಯ ಹಾಳೆಗಳನ್ನು ಬಹಿರಂಗಪಡಿಸುತ್ತಾರೆ. 1950ರ ಹಾಳೆಗಳು 2022ರಲ್ಲಿ ಹೊರಬಂದದ್ದು ಹಾಗೆಯೇ. ನಮ್ಮಲ್ಲಿ ಆ ದಾರಿಯೇ ಇಲ್ಲ. 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ಗಣತಿಯ ವ್ಯಕ್ತಿಗತ ದಾಖಲೆಗಳನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಎಷ್ಟು ವರ್ಷ ಕಳೆದರೂ ತೆರೆದುಕೊಳ್ಳುವ ಏರ್ಪಾಡೂ ಅದರಲ್ಲಿಲ್ಲ. ಆದ್ದರಿಂದ ಕರ್ನಾಟಕದಲ್ಲಿ ತಮ್ಮ ಮನೆತನವನ್ನು ಹುಡುಕುವವರು ಬೇರೆ ಕಡೆಯಿಂದ ಆರಂಭಿಸಬೇಕಾಗುತ್ತದೆ. ತಾಲ್ಲೂಕು ಕಚೇರಿಯ ಭೂ ದಾಖಲೆ, ಉಪನೋಂದಣಾಧಿಕಾರಿಗಳ ಕಚೇರಿಯ ಪತ್ರಗಳು, ಜನನ ಮರಣ ರಿಜಿಸ್ಟರು, ಶಾಲೆಯ ದಾಖಲಾತಿ ಪುಸ್ತಕ, ನ್ಯಾಯಾಲಯದ ಕಡತ, ಸರ್ಕಾರದ ಹೊರಗೆ ಮನೆತನಗಳ ಪೀಳಿಗೆ ಹೇಳುವ ಹೆಳವರು, ತೀರ್ಥಕ್ಷೇತ್ರದ ಪಂಡರು, ಚರ್ಚು, ಖಾಜಿಗಳ ವಹಿಗಳು, ಇವೇ ನಮ್ಮ ಮುಂದಿರುವ ಆಯ್ಕೆಗಳು. ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡವರು ಸಾಮಾನ್ಯವಾಗಿ ಮೊದಲ ಕಚೇರಿಯಲ್ಲಿಯೇ ಸುಸ್ತಾಗುತ್ತಾರೆ. ಊರು ಹಿಂದೆ ಯಾರ ಆಡಳಿತದಲ್ಲಿತ್ತು, ಮನೆಗೆ ಜಮೀನಿತ್ತೇ ಇಲ್ಲವೇ, ಹುಡುಕುತ್ತಿರುವುದು ಗಂಡಸರ ಸಾಲನ್ನೋ ಹೆಂಗಸರ ಸಾಲನ್ನೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಊರು ಯಾವ ಸರ್ಕಾರದ್ದಾಗಿತ್ತು

1956ರ ನವೆಂಬರ್ 1ಕ್ಕೆ ಮುಂಚೆ ಇಂದಿನ ಕರ್ನಾಟಕದ ಊರುಗಳು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ದಾಖಲೆಯ ಮುಂದೆ ಕುಳಿತಾಗ ಅದು ಪಠ್ಯಪುಸ್ತಕದ ವಾಕ್ಯವಾಗಿ ಉಳಿಯುವುದಿಲ್ಲ, ನೀವು ಯಾವ ಲಿಪಿಯನ್ನು ಓದಬೇಕು ಎಂಬುದನ್ನೇ ನಿರ್ಧರಿಸುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅದರಲ್ಲಿಯೂ ಉತ್ತರ ಕನ್ನಡವು 1862ರವರೆಗೆ ಮದರಾಸಿಗೆ ಸೇರಿತ್ತು. ಜಮಖಂಡಿ, ಮುಧೋಳ, ಸವಣೂರು, ರಾಮದುರ್ಗಗಳಿಗೆ ತಮ್ಮದೇ ಸಂಸ್ಥಾನಗಳಿದ್ದವು, 1948ರಲ್ಲಿ ಅವು ಮುಂಬಯಿಯಲ್ಲಿ ವಿಲೀನವಾದವು. ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮರ ಹೈದರಾಬಾದಿನಲ್ಲಿದ್ದವು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳು ಮದರಾಸಿನಲ್ಲಿದ್ದು, ಬಳ್ಳಾರಿ 1953ರಲ್ಲಿಯೇ ಮೈಸೂರಿಗೆ ಬಂದಿತು. ಕೊಡಗು ಪ್ರತ್ಯೇಕವಾಗಿತ್ತು. ಕಾಸರಗೋಡು ಕೇರಳಕ್ಕೆ ಹೋದುದರಿಂದ ಅಲ್ಲಿನ ಕನ್ನಡ ಮನೆತನಗಳವರು ಇಂದಿಗೂ ಕೇರಳದ ಕಚೇರಿಗಳಲ್ಲಿಯೇ ಹುಡುಕಬೇಕು.

ಇದರ ಪರಿಣಾಮ ನೇರವಾದದ್ದು. ಮುಂಬಯಿ ಕರ್ನಾಟಕದಲ್ಲಿ 1903ರ ಕಾನೂನಿನ ನಂತರ ಹಕ್ಕು ದಾಖಲೆಯ ಪದ್ಧತಿ ಬಂದುದರಿಂದ ಜಮೀನು ತಂದೆಯಿಂದ ಮಗನಿಗೆ ಹೋದ ವಿವರ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಸಿಗುವ ಸಾಧ್ಯತೆ ಹೆಚ್ಚು. ಆದರೆ ಹಳೆಯ ಬರಹ ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇರಬಹುದು. ಹಳೆಯ ಮೈಸೂರಿನಲ್ಲಿ ಅಂಥ ಹಕ್ಕು ದಾಖಲೆ 1920ರ ದಶಕದ ಕೊನೆಯ ಕಾನೂನಿನ ಮೇಲೆ, ಅದೂ ತಾಲ್ಲೂಕಿನಿಂದ ತಾಲ್ಲೂಕಿಗೆ ಹಂತ ಹಂತವಾಗಿ ಬಂದಿತು. ಅನುಕೂಲವೆಂದರೆ ಅದು ಕನ್ನಡದಲ್ಲಿದೆ. ಹೈದರಾಬಾದ್ ಕರ್ನಾಟಕದ ಹಳೆಯ ಕಾಗದಗಳು ಉರ್ದುವಿನಲ್ಲಿವೆ. ಅಲ್ಲಿನವರಿಗೆ ಸೇತ್ವಾರ್ ಎಂಬ ಸರ್ವೆಯ ಮೂಲ ಜಮೀನು ವಹಿ ಮತ್ತು 1954-55ರ ಖಾಸ್ರಾ ಪಹಣಿ ಮುಖ್ಯ ಆಧಾರಗಳು. ಉರ್ದು ಮತ್ತು ಮದರಾಸು ದಾಖಲೆಗಳೆರಡರಲ್ಲಿಯೂ ವರ್ಷವನ್ನು ಫಸಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿ ಬರೆದಿರುತ್ತಾರೆ. ಅದಕ್ಕೆ 590 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ, ಅಂದರೆ ಫಸಲಿ 1350 ಎಂದರೆ 1940-41. ಮೈಸೂರು ಸೀಮೆಯ ಹತ್ತೊಂಬತ್ತನೆಯ ಶತಮಾನದ ಕಾಗದಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಎಚ್ಚರ ಬೇಕು, ಏಕೆಂದರೆ ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ.

ತಾಲ್ಲೂಕು ಕಚೇರಿ: ಪಹಣಿಗಿಂತ ಮ್ಯುಟೇಷನ್ ಮೇಲು

ಜಮೀನಿದ್ದ ಮನೆತನದವರು ಹೆಚ್ಚಾಗಿ ಪಹಣಿಯಿಂದ, ಉತ್ತರ ಕರ್ನಾಟಕದ ಮಾತಿನಲ್ಲಿ ಉತಾರದಿಂದ, ಆರಂಭಿಸುತ್ತಾರೆ. ಅದು ಸಹಜ, ಸರ್ವೆ ನಂಬರ್ ಗೊತ್ತಿದ್ದರೆ ಮನೆಯಲ್ಲಿ ಕುಳಿತೇ ತೆಗೆಯಬಹುದು. ಆದರೆ ಭೂಮಿ ಯೋಜನೆಯಡಿ ಗಣಕೀಕರಣಗೊಂಡ ಪಹಣಿ ಸುಮಾರು 2000ದ ಈಚಿನದು. ಅದಕ್ಕೂ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಕೈಬರಹದ ಪಹಣಿಗಳೇ ಗತಿ. 1964ರ ಭೂ ಕಂದಾಯ ಕಾಯ್ದೆಯ ನಮೂನೆಯಲ್ಲಿರುವ ಆ ಪುಸ್ತಕಗಳು 1960ರ ದಶಕದ ಉತ್ತರಾರ್ಧದಿಂದ ಸಿಗುತ್ತವೆ. ಪಹಣಿಯಿಂದ ತಿಳಿಯುವುದು ಯಾವ ವರ್ಷ ಯಾರ ಹೆಸರಿತ್ತು ಎಂಬುದಷ್ಟೇ. ಒಂದು ವರ್ಷ ಇದ್ದ ಹೆಸರು ಮರುವರ್ಷ ಬದಲಾದರೆ, ಹಳಬರು ತೀರಿಕೊಂಡರೋ, ಮಾರಿದರೋ, ಅಣ್ಣತಮ್ಮಂದಿರು ಬೇರೆಯಾದರೋ ಎಂಬುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳುವುದು ಹಕ್ಕು ಬದಲಾವಣೆಗಳನ್ನು ಬರೆದಿಡುವ ಮ್ಯುಟೇಷನ್ ರಿಜಿಸ್ಟರು, ಅಂದರೆ ಎಂ.ಆರ್. ಪಹಣಿಯ 9ನೆಯ ಕಾಲಮ್ಮಿನಲ್ಲಿ ಮಾಲೀಕರ ಮತ್ತು ಅವರ ತಂದೆಯ ಹೆಸರೂ, 10ನೆಯದರಲ್ಲಿ ಹಕ್ಕು ಬಂದ ರೀತಿಯೂ ಇರುತ್ತವೆ; ಆ 10ನೆಯ ಕಾಲಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ಗೀಚಿರುವ ಎಂ.ಆರ್. ಸಂಖ್ಯೆ ಮತ್ತು ವರ್ಷವೇ ಇಡೀ ಹಾಳೆಯಲ್ಲಿ ಸಂಶೋಧಕರಿಗೆ ಬೇಕಾದ ಅತ್ಯಂತ ಬೆಲೆಯುಳ್ಳ ವಸ್ತು. ಆ ಸಂಖ್ಯೆಯ ನಕಲಿಗೆ ಅರ್ಜಿ ಹಾಕಿದರೆ, ಪೌತಿ ಖಾತೆಯ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾದ) ನಮೂದಾಗಿದ್ದಲ್ಲಿ, ತೀರಿಕೊಂಡವರ ಹೆಸರು, ವಾರಸುದಾರರು ಕೊಟ್ಟ ವರದಿ, ಹೆಂಡತಿ ಮಕ್ಕಳ ಹೆಸರು, ಕೆಲವೊಮ್ಮೆ ಮರಣದ ದಿನವೂ ಸಿಗುತ್ತವೆ. ಒಂದು ನಮೂದಿನಿಂದ ಹಿಂದಿನ ಎಂ.ಆರ್.ಗೆ, ಅಲ್ಲಿಂದ ಹಳೆಯ ಮೈಸೂರಿನ ಆರ್.ಆರ್. (ಹಕ್ಕು ದಾಖಲೆ) ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಪುಸ್ತಕಗಳಿಗೆ, ಮುಂದೆ ಸರ್ವೆ ಇಲಾಖೆಯಲ್ಲಿ ಜಮೀನಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಆಕಾರ್‌ಬಂದ್ ಹಾಗೂ ಅಳತೆಯ ಟಿಪ್ಪಣಿಗಳಿಗೆ ಹತ್ತಬಹುದು. ಮೈಸೂರಿನಲ್ಲಿ ಕಂದಾಯ ಸರ್ವೆ 1863ರಲ್ಲಿ ಆರಂಭವಾಯಿತು. ಮುಂಬಯಿ ಕರ್ನಾಟಕದಲ್ಲಿ ಅದಕ್ಕೂ ಹಿಂದೆ, 1840ರ ದಶಕದಲ್ಲಿಯೇ ಬಂದಿತ್ತು. ಸ್ಥೂಲವಾಗಿ ಹೇಳುವುದಾದರೆ ಭೂ ದಾಖಲೆಯ ಮೂಲಕ ಸಾಮಾನ್ಯ ರೈತ ಮನೆತನವೊಂದನ್ನು ಹಿಂದಕ್ಕೆ ಒಯ್ಯಬಹುದಾದ ಗಡಿ ಅದೇ.

ಈ ಪುಸ್ತಕಗಳ ಭಾಷೆಗೆ ಸ್ವಲ್ಪ ಅಭ್ಯಾಸ ಬೇಕಾಗುತ್ತದೆ. ಹಳೆಯ ಮೈಸೂರಿನಲ್ಲಿ ಮಗನಿಗೆ ‘ಬಿನ್’, ಹೆಂಡತಿಗೆ ‘ಕೋಂ’ ಎಂದು ಬರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ತೀರಿಕೊಂಡವರನ್ನು ‘ಮಯತ’ ಎಂದೂ, ಏಕತ್ರ ಕುಟುಂಬದ ಮ್ಯಾನೇಜರನನ್ನು ‘ಎ.ಕು.ಮ್ಯಾ.’ ಎಂದೂ, ಮೈನರ್ ಮಕ್ಕಳನ್ನು ‘ಅಜ್ಞಾನ’ ಎಂದೂ, ಅವರ ಪಾಲಕರನ್ನು ‘ಅ.ಪಾ.ಕ.’ ಎಂದೂ ಗುರುತಿಸುತ್ತಾರೆ. ಇವು ವಯಸ್ಸು ಅಂದಾಜಿಸಲು ಒದಗುತ್ತವೆ. 1938ರ ನಮೂದಿನಲ್ಲಿ ಒಬ್ಬ ಹುಡುಗ ‘ಅಜ್ಞಾನ’ ಎಂದಿದ್ದರೆ ಅವನು 1920ಕ್ಕಿಂತ ಮೊದಲು ಹುಟ್ಟಿರಲಾರ ಎಂದು ಹೇಳಬಹುದು. ಜನನ ಪ್ರಮಾಣ ಪತ್ರವಿಲ್ಲದ ಕಾಲದಲ್ಲಿ ಅಷ್ಟು ಸಿಕ್ಕರೂ ದೊಡ್ಡದು. ಎ.ಕು.ಮ್ಯಾ. ಎಂಬುದನ್ನು ಮಾತ್ರ ಹಗುರವಾಗಿ ಓದಬಾರದು. ಹಿರಿಯಣ್ಣನೊಬ್ಬನ ಹೆಸರು ನಲವತ್ತು ವರ್ಷ ಪಹಣಿಯಲ್ಲಿ ಕುಳಿತಿದ್ದರೆ ಉಳಿದ ನಾಲ್ವರು ತಮ್ಮಂದಿರು ಇರಲೇ ಇಲ್ಲವೆಂದು ಅರ್ಥವಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದ ಬರುವ ಗೊಂದಲವಂತೂ ಪ್ರತಿ ಮನೆತನದಲ್ಲಿಯೂ ಎದುರಾಗುತ್ತದೆ. ತಂದೆಯ ಹೆಸರು ಮತ್ತು ಸರ್ವೆ ನಂಬರ್ ಎರಡೂ ಹೊಂದದೆ ಇಬ್ಬರು ಸಣ್ಣತಮ್ಮಯ್ಯರನ್ನು ಒಬ್ಬರನ್ನಾಗಿ ಮಾಡಬಾರದು.

ಕರಾವಳಿಯಲ್ಲಿ ಅಳಿಯಕಟ್ಟಿನ, ಅಂದರೆ ತಾಯಿಯ ಸಾಲಿನಲ್ಲಿ ಆಸ್ತಿ ಇಳಿಯುವ, ಮನೆತನಗಳಿಗೆ ಈ ಇಡೀ ಓದು ತಲೆಕೆಳಗಾಗುತ್ತದೆ. ಅಲ್ಲಿ ವರ್ಗದ (ಕಂದಾಯದ ಖಾತೆ) ಅಥವಾ ಅಡಂಗಲ್ಲಿನ (ಮದರಾಸು ಕಾಲದ ಪಹಣಿಯಂಥ ಪುಸ್ತಕ) ಹೆಸರು ಯಜಮಾನನದು. ಅವನ ನಂತರ ಬರುವವನು ಅವನ ಮಗನಲ್ಲ, ಸೋದರಳಿಯ ಅಥವಾ ತಮ್ಮ. 1949ರ ಅಳಿಯಸಂತಾನ ಕಾಯ್ದೆಯ ನಂತರ ಆದ ಪಾಲುಪತ್ರಗಳಲ್ಲಿ ಕುಟುಂಬವನ್ನು ಕವರುಗಳಾಗಿ, ಅಂದರೆ ಒಬ್ಬೊಬ್ಬ ಹೆಂಗಸಿನಿಂದ ಇಳಿದ ಶಾಖೆಗಳಾಗಿ ಬಿಡಿಸಿ ಬರೆದಿರುವುದರಿಂದ, ಅಂಥ ಮನೆಗಳವರು ಪಹಣಿಯನ್ನು ಬದಿಗಿಟ್ಟು ಮೊದಲು ಪಾಲುಪತ್ರವನ್ನೇ ಹುಡುಕುವುದು ಲೇಸು. ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನಲ್ಲಿ ಒಕ್ಕದ, ಅಂದರೆ ಮನೆತನದ, ಪಟ್ಟೇದಾರರ ಹೆಸರು ಪ್ರಧಾನವಾಗಿರುವುದರಿಂದ, ಅಲ್ಲಿ ಮನೆತನದ ಹೆಸರನ್ನು ಹಿಡಿಯುವುದು ಬಲು ಸುಲಭ, ಒಬ್ಬೊಬ್ಬರ ತಂದೆಯನ್ನು ಹಿಡಿಯುವುದು ಅಷ್ಟು ಸುಲಭವಲ್ಲ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣ ಪತ್ರದ ಬಗ್ಗೆಯೂ ಇಲ್ಲಿಯೇ ಒಂದು ಮಾತು. ಪೌತಿ ಖಾತೆಗೋ ಬ್ಯಾಂಕಿಗೋ ಅದು ಬೇಕಾಗುತ್ತದೆ, ಆದರೆ ಇತಿಹಾಸದ ಆಧಾರವಾಗಿ ಅದರ ಬೆಲೆ ಕಡಿಮೆ. ಅರ್ಜಿದಾರರು ಹೇಳಿದ್ದನ್ನು ಗ್ರಾಮ ಆಡಳಿತ ಅಧಿಕಾರಿಯು ನೆರೆಹೊರೆಯವರ ಮಹಜರಿನೊಂದಿಗೆ ದೃಢಪಡಿಸುತ್ತಾರೆ. ನಿಮಗೆ ಈಗಾಗಲೇ ಗೊತ್ತಿರುವುದೇ ಸೀಲು ಹಾಕಿಸಿಕೊಂಡು ನಿಮ್ಮ ಕೈಗೆ ಮರಳಿ ಬರುತ್ತದೆ.

ಉಪನೋಂದಣಾಧಿಕಾರಿಗಳ ಕಚೇರಿ: ಹೆಣ್ಣುಮಕ್ಕಳ ಹೆಸರು ಇರುವ ಜಾಗ

ಭೂ ದಾಖಲೆಯ ದೊಡ್ಡ ಕೊರತೆ ಹೆಂಗಸರು ಕಾಣೆಯಾಗುವುದು. ವಿಧವೆಯಾದಾಗ ಅಥವಾ ಮೈನರ್ ಮಗನ ಪಾಲಕಳಾದಾಗ ಮಾತ್ರ ಅವರ ಹೆಸರು ತಲೆಯೆತ್ತುತ್ತದೆ. ಮದುವೆಯಾಗಿ ಹೊರಗೆ ಹೋದ ಮಗಳು ಹೆಚ್ಚಿನ ಹಳೆಯ ನಮೂದುಗಳಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ತಾಯಿಯ ಕಡೆಯ ಸಾಲನ್ನು ಹುಡುಕುವವರಿಗೆ ನನ್ನ ಸಲಹೆ, ತಾಲ್ಲೂಕು ಕಚೇರಿಗಿಂತ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಎಂಬುದು.

ಕಾರಣ ಕಾನೂನಿನ ಚರಿತ್ರೆಯಲ್ಲಿಯೇ ಇದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದು ಪಾಲಿನಲ್ಲಿ ಹೆಂಗಸರಿಗೆ ಜಾಗ ಮಾಡಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿತು, 1994ರಲ್ಲಿ ಕರ್ನಾಟಕದ ತಿದ್ದುಪಡಿ ಮದುವೆಯಾಗದ ಮಗಳನ್ನು ಗಂಡುಮಕ್ಕಳ ಸಮಕ್ಕೆ ತಂದಿತು, 2005ರಲ್ಲಿ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಆ ಸ್ಥಾನ ಸಿಕ್ಕಿತು. ಪ್ರತಿ ಹೆಜ್ಜೆಯ ಹಿಂದೆಯೂ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವ ರೂಢಿ ಬೆಳೆಯಿತು. ಹಕ್ಕು ಕೊಡದಿರುವುದಕ್ಕಾಗಿ ಹುಟ್ಟಿದ ಆ ಕಾಗದವೇ ಇವತ್ತು ಅವರನ್ನು ಕಂಡುಹಿಡಿಯುವ ದಾರಿಯಾಗಿದೆ ಎಂಬುದು ನೆಮ್ಮದಿಯ ಸಂಗತಿಯೇನಲ್ಲ, ಆದರೂ ಸಂಶೋಧನೆಗೆ ಅದು ಅಮೂಲ್ಯ. ಅಂಥ ಒಂದು ಪತ್ರದಲ್ಲಿ ಅಕ್ಕತಂಗಿಯರೆಲ್ಲರ ಹೆಸರು, ವಯಸ್ಸು, ಗಂಡನ ಹೆಸರು, ಕೊಟ್ಟ ಊರು, ತವರಿನ ತಂದೆತಾಯಿಯ ಹೆಸರು ಒಂದೇ ಪುಟದಲ್ಲಿ ಬಂದುಬಿಡುತ್ತವೆ.

ವಿಭಾಗ ಪತ್ರ, ದಾನ ಪತ್ರ, ಕ್ರಯ ಪತ್ರ, ಭೋಗ್ಯ ಪತ್ರಗಳಲ್ಲಿಯೂ ಬೇರೆಡೆ ಸಿಗದ ಸಂಗತಿಗಳಿರುತ್ತವೆ. ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಯಾರಿಂದ ಬಂದದ್ದು, ಯಾವ ಸಾಲಕ್ಕಾಗಿ ಮಾರಿದರು ಎಂಬ ವಿವರಗಳ ಜೊತೆಗೆ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ಹೊಲಗಳವರ ಹೆಸರೂ, ಕೊನೆಯಲ್ಲಿ ಸಾಕ್ಷಿಗಳ ಮತ್ತು ಪತ್ರದ ಬರಹಗಾರರ (ಬಿಕ್ಕಲಂ) ಹೆಸರೂ ಇರುತ್ತವೆ. ಚಕ್ಕುಬಂದಿಯನ್ನು ಅನೇಕರು ಓದದೆ ದಾಟಿಬಿಡುತ್ತಾರೆ. ಪಕ್ಕದ ಹೊಲದವರು ಬಹಳ ಸಲ ಹಿಂದಿನ ತಲೆಮಾರಿನಲ್ಲಿ ಬೇರೆಯಾದ ದಾಯಾದಿಗಳೇ ಆಗಿರುವುದರಿಂದ, ಕಳೆದುಹೋದ ಶಾಖೆಯೊಂದನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಸುಳಿವು ಅಪರೂಪ.

ನೋಂದಣಿ ಕಚೇರಿಯ ಇನ್ನೊಂದು ಅನುಕೂಲವೆಂದರೆ ಕಾನೂನು ನಿಮ್ಮ ಪರವಾಗಿದೆ. 1908ರ ನೋಂದಣಿ ಕಾಯ್ದೆಯ 57ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ 1ನೆಯ ಪುಸ್ತಕವನ್ನೂ ಅದರ ಸೂಚಿಗಳನ್ನೂ ನಿಗದಿತ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲುಗಳಿರುವ 3ನೆಯ ಪುಸ್ತಕದ ನಕಲು, ಬರೆದವರು ಜೀವಂತ ಇರುವವರೆಗೆ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ; ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ಇತರ ಬಗೆಯ ಪತ್ರಗಳಿರುವ 4ನೆಯ ಪುಸ್ತಕ ಮಾತ್ರ ಹೊರಗಿನವರಿಗೆ ತೆರೆದಿಲ್ಲ. ಸೂಚಿಗಳಲ್ಲಿ ಒಂದು ಹೆಸರಿನ ಮೇಲೂ ಇನ್ನೊಂದು ಆಸ್ತಿಯ ಮೇಲೂ ಇರುವುದರಿಂದ, ಸರ್ವೆ ನಂಬರ್ ಗೊತ್ತಿಲ್ಲದವರೂ ಅಜ್ಜನ ಹೆಸರಿನಿಂದ ಹುಡುಕಬಹುದು. ಕೈಬರಹದ ಪಹಣಿಗಿಲ್ಲದ ಸೌಲಭ್ಯವಿದು.

ಕೊರತೆಗಳೂ ಇವೆ. ಆನ್‌ಲೈನ್ ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚಿನದಕ್ಕಷ್ಟೇ ಒದಗುತ್ತದೆ, ಹಿಂದಿನದಕ್ಕೆ ಕಚೇರಿಗೇ ಹೋಗಿ ಕೈಯಿಂದ ಹುಡುಕಿಸಬೇಕು. ಕಚೇರಿಗಳ ವ್ಯಾಪ್ತಿ ಕಾಲಕಾಲಕ್ಕೆ ಬದಲಾಗಿರುವುದರಿಂದ 1930ರ ಪತ್ರ ಇಂದಿನ ತಾಲ್ಲೂಕು ಕೇಂದ್ರದಲ್ಲಿ ಇಲ್ಲದೆ ಪಕ್ಕದ ಹಳೆಯ ತಾಲ್ಲೂಕಿನಲ್ಲಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹಳ್ಳಿಗಳಲ್ಲಿ ಪಾಲು ಬಹುಮಟ್ಟಿಗೆ ಬಾಯಿಮಾತಿನಲ್ಲಿ ಅಥವಾ ಪಂಚರ ಮುಂದೆ ಬರೆದ ಪಾಲುಪಟ್ಟಿಯಲ್ಲಿ ಮುಗಿಯುತ್ತಿತ್ತು. ಅಂಥದ್ದು ನೋಂದಣಿಗೆ ಬರಲೇ ಇಲ್ಲ, ಟ್ರಂಕಿನಲ್ಲಿ ಉಳಿಯಿತು. ಆದ್ದರಿಂದ ಯಾವ ಕಚೇರಿಗೆ ಹೋಗುವ ಮೊದಲೂ ಮನೆಯ ಟ್ರಂಕು, ಕಂದಾಯ ರಸೀದಿಗಳು, ಲಗ್ನಪತ್ರಿಕೆಗಳನ್ನು ನೋಡಿ ಮುಗಿಸಬೇಕು.

ಜಮೀನಿಲ್ಲದ ಮನೆತನಗಳಿಗೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಆಸ್ತಿವಂತರ ಇತಿಹಾಸ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಜಮೀನಿನ ಒಡೆತನವಿಲ್ಲದಿದ್ದವರ ಹೆಸರು ಕಂದಾಯ ದಫ್ತರದಲ್ಲಿ ಇರುವುದೇ ಇಲ್ಲ ಎಂದುಕೊಳ್ಳಬಾರದು. ಮೂರು ಕಡತಗಳನ್ನು ವಿಶೇಷವಾಗಿ ಕೇಳಬೇಕು.

ಮೊದಲನೆಯದು ಭೂ ನ್ಯಾಯಮಂಡಳಿಯ ಕಡತ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂ ಸುಧಾರಣೆಯ ತಿದ್ದುಪಡಿಯ ಪ್ರಕಾರ ಗೇಣಿದಾರರು ಅಧಿಭೋಗದ ಹಕ್ಕಿಗಾಗಿ 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದರು. ಅರ್ಜಿಯ ಕೊನೆಯ ಗಡುವು 1979ರ ಜೂನ್ 30ರವರೆಗೆ ವಿಸ್ತರಣೆಯಾಯಿತು. ಅರ್ಜಿಗಿಂತಲೂ ಮುಖ್ಯವಾದದ್ದು ಅದರ ಜೊತೆಗಿರುವ ಹೇಳಿಕೆಗಳು. ಈ ಹೊಲವನ್ನು ಯಾರು ಯಾವಾಗಿನಿಂದ ಗೇಣಿಗೆ ಮಾಡುತ್ತಿದ್ದರು, ಧಣಿಗಳು ಯಾರು, ಗೇಣಿ ಎಷ್ಟು ಮುಡಿ ಅಥವಾ ಎಷ್ಟು ಖಂಡುಗ ಎಂಬುದನ್ನು ಗೇಣಿದಾರರು ತಮ್ಮ ಬಾಯಿಂದಲೇ ಹೇಳಿರುವುದನ್ನು ಬರೆದುಕೊಂಡಿದ್ದಾರೆ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆಯ ಗೇಣಿದಾರ ಕುಟುಂಬಗಳಿಗೆ ಇದಕ್ಕಿಂತ ಸಮೃದ್ಧವಾದ ದಾಖಲೆ ಇನ್ನೊಂದಿಲ್ಲವೆಂದು ನಾನು ತಿಳಿಯುತ್ತೇನೆ.

ಎರಡನೆಯದು ಹಳ್ಳಿಯ ಸೇವಾ ಇನಾಮಿನ ಮರುಮಂಜೂರಾತಿ ಕಡತ. ಶಾನುಭೋಗ, ಪಟೇಲರಂತೆಯೇ ತೋಟಿ, ತಳವಾರ, ನೀರುಗಂಟಿಗಳ ವಂಶಪಾರಂಪರ್ಯ ಹುದ್ದೆಗಳನ್ನೂ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಕೊನೆಗೊಳಿಸಿತು; ಆ ಹುದ್ದೆಗೆಂದು ಬಿಟ್ಟಿದ್ದ ಜಮೀನನ್ನು ಅವರವರಿಗೆ ಮರಳಿ ಮಂಜೂರು ಮಾಡುವಾಗ ಹುದ್ದೆ ತಮ್ಮ ಮನೆತನದ್ದೆಂದು ಅವರು ತೋರಿಸಬೇಕಾಗಿತ್ತು. ಹಾಗಾಗಿ ಅನೇಕ ದಲಿತ ಕುಟುಂಬಗಳ ಪೀಳಿಗೆಯ ವಿವರ ಆ ಕಡತಗಳಲ್ಲಿ ಸೇರಿಕೊಂಡಿದೆ. ಮುಂಬಯಿ ಕರ್ನಾಟಕದಲ್ಲಿ ಇದಕ್ಕೆ ಸಮನಾದದ್ದು 1874ರ ಕಾಯ್ದೆಯಡಿಯ ವತನ ದಾಖಲೆ. ಗೌಡಕಿ, ಕುಲಕರ್ಣಿಕೆಗಳ ಮನೆತನಗಳಿಗೆ ಹೇಗೋ ವಾಲಿಕಾರ, ತಳವಾರ ಮನೆತನಗಳಿಗೂ ಅದು ಹಾಗೆಯೇ ಉಪಯುಕ್ತ. ಮೂರನೆಯದು ದರಖಾಸ್ತು (ಅರ್ಜಿಯ ಮೇಲೆ ಕೊಟ್ಟ ಸರ್ಕಾರಿ ಜಮೀನು) ಮಂಜೂರಾತಿಯ ವಹಿ ಮತ್ತು ಸಾಗುವಳಿ ಚೀಟಿ. ಇದರಲ್ಲಿ ವಿವರ ಕಡಿಮೆಯಾದರೂ ಊರಿಗೆ ಬಂದು ನೆಲೆಸಿದ ಕಾಲದ ಅಂದಾಜು ಸಿಗುತ್ತದೆ.

ಜನನ ಮರಣ ರಿಜಿಸ್ಟರೋ, ಶಾಲೆಯ ಪುಸ್ತಕವೋ

ಇವೆರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಶಾಲೆಯ ಕಡೆಗೆ ವಾಲುತ್ತೇನೆ. ಜನನ ಮರಣ ನೋಂದಣಿ ಕಾಯ್ದೆ 1969ರದು, 1970ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಪಟೇಲರು ಬರೆಯುತ್ತಿದ್ದ ರಿಜಿಸ್ಟರುಗಳು ಇದ್ದವು, ಉಳಿದವು ಸಾಮಾನ್ಯವಾಗಿ ತಾಲ್ಲೂಕು ಕಚೇರಿಯಲ್ಲಿರುತ್ತವೆ. ಆದರೆ ಹಳೆಯ ಜನನ ನಮೂದಿನಲ್ಲಿ ಮಗುವಿನ ಹೆಸರೇ ಇರದೆ ತಂದೆಯ ಹೆಸರಿನ ಮುಂದೆ ಗಂಡು ಅಥವಾ ಹೆಣ್ಣು ಎಂದಷ್ಟೇ ಬರೆದಿರುವುದು ಮಾಮೂಲು, ಹೆಸರಿನ ಸೂಚಿಯೂ ಇರುವುದಿಲ್ಲ. ಅಂದಾಜು ವರ್ಷ ಗೊತ್ತಿದ್ದು ಮರಣವನ್ನು ಹುಡುಕುವವರಿಗೆ ಅದು ತಕ್ಕದ್ದು, ಜನನವನ್ನು ಹುಡುಕುವವರಿಗೆ ಅಲ್ಲ.

ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಉತ್ತರ ಕರ್ನಾಟಕದವರು ಜನರಲ್ ರಿಜಿಸ್ಟರ್ ಎನ್ನುವುದರಲ್ಲಿ, ಮಗುವಿನ ಹೆಸರು, ತಂದೆ ಅಥವಾ ಪಾಲಕರ ಹೆಸರು, ಜಾತಿ, ಊರು, ಹಿಂದೆ ಓದಿದ ಶಾಲೆ, ಬಿಟ್ಟುಹೋದ ದಿನ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಶತಮಾನ ಕಂಡ ಸರ್ಕಾರಿ ಶಾಲೆಗಳು ನಮ್ಮಲ್ಲಿ ಅನೇಕ ಇವೆ, ಮತ್ತು ಇದನ್ನು ಶಾಶ್ವತ ದಾಖಲೆಯೆಂದು ಮುಖ್ಯೋಪಾಧ್ಯಾಯರು ಜೋಪಾನ ಮಾಡುತ್ತಾರೆ. ಜನ್ಮದಿನದ ಕಾಲಮ್ಮನ್ನು ಮಾತ್ರ ನಂಬಬಾರದು. ಜೂನ್ 1ರಂದು ಹುಟ್ಟಿದ ಮಕ್ಕಳು ಆ ಪುಸ್ತಕಗಳಲ್ಲಿ ಎಷ್ಟಿದ್ದಾರೆಂದರೆ ಅದು ಶಾಲೆಗೆ ಸೇರಿಸಲು ಮೇಷ್ಟ್ರು ನಿಗದಿ ಮಾಡಿದ ದಿನವೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಪಾಲಿನ ದಾವೆ

ಮನೆಯಲ್ಲಿ ಹಿಂದೆ ಯಾವಾಗಲಾದರೂ ಕೋರ್ಟಿಗೆ ಹೋದ ನೆನಪಿದ್ದರೆ, ಆ ಕಹಿಯನ್ನು ಬದಿಗಿಟ್ಟು ದಾವೆಯ ಸಂಖ್ಯೆಯನ್ನು ಹುಡುಕಬೇಕು. ಪಾಲಿನ ದಾವೆಯ ಅರ್ಜಿಯಲ್ಲಿ ವಂಶವೃಕ್ಷವನ್ನು ಬರೆದೇ ಬರೆಯುತ್ತಾರೆ. ಎದುರುಪಕ್ಷದವರು ಅದನ್ನು ಒಪ್ಪಿದ್ದಾರೋ ಅಲ್ಲಗಳೆದಿದ್ದಾರೋ ಎಂಬುದು ಪ್ರತ್ಯುತ್ತರದಲ್ಲಿರುತ್ತದೆ, ಕೊನೆಗೆ ನ್ಯಾಯಾಧೀಶರು ಏನನ್ನು ಸಾಬೀತಾಗಿದೆ ಎಂದರು ಎಂಬುದು ತೀರ್ಪಿನಲ್ಲಿರುತ್ತದೆ. ಇಷ್ಟು ಜರಡಿಯಾದ ವಂಶಾವಳಿ ಬೇರೆಲ್ಲಿಯೂ ಸಿಗದು. ಆದರೆ ಅರ್ಜಿಯೊಂದನ್ನೇ ಓದಿ ಹಿಂತಿರುಗಬಾರದು, ಏಕೆಂದರೆ ಅದು ಒಂದು ಪಕ್ಷದ ಮಾತು. ದತ್ತು, ಎರಡನೆಯ ಮದುವೆಗಳಂಥ ವಿಷಯದಲ್ಲಿ ಎರಡೂ ಕಡೆಯವರು ತಮಗೆ ಬೇಕಾದಂತೆ ಹೇಳಿರುತ್ತಾರೆ.

ಕಚೇರಿಯ ಹೊರಗೆ

ಸರ್ಕಾರಿ ದಾಖಲೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನಿಂತುಹೋದ ಮೇಲೆ ಮುಂದಿನ ದಾರಿ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಹೆಳವರಿದ್ದಾರೆ. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ತಮಗೆ ಒಪ್ಪಿಸಿದ ಮನೆಗಳ ಪೀಳಿಗೆಯನ್ನು ಒಪ್ಪಿಸಿ ಹೇಳಿ, ಕಾಳುಕಡಿ ಪಡೆದು, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವ ಈ ಸಮುದಾಯದವರ ವೃತ್ತಿಯೇ ವಂಶಾವಳಿ. ಮೂಲ ಊರು ಯಾವುದು, ಅಲ್ಲಿಂದ ಎದ್ದು ಬಂದದ್ದೇಕೆ, ಬೆಡಗು (ಕುಲದ ಒಳಪಂಗಡ) ಯಾವುದು ಎಂಬ, ಕಂದಾಯ ಇಲಾಖೆಗೆ ಎಂದೂ ಬೇಕಾಗದಿದ್ದ ಪ್ರಶ್ನೆಗಳಿಗೆ ಉತ್ತರ ಅವರಲ್ಲಿದೆ. ನಿಮ್ಮ ಮನೆತನದ ಹೆಳವರು ಯಾವ ಊರಿನವರು ಎಂಬುದನ್ನು ದಾಯಾದಿಗಳಲ್ಲಿ ಹಿರಿಯರೊಬ್ಬರನ್ನು ಕೇಳಿ ತಿಳಿದುಕೊಳ್ಳಬೇಕು. ಒಂದು ಮನೆತನದ ಪುಸ್ತಕ ಇನ್ನೊಬ್ಬ ಹೆಳವರ ಬಳಿ ಇರುವುದಿಲ್ಲ. ಅವರು ಹೇಳುವ ಹತ್ತಿರದ ನಾಲ್ಕೈದು ತಲೆಮಾರುಗಳನ್ನು ಮ್ಯುಟೇಷನ್ನಿನೊಂದಿಗೆ ತಾಳೆ ನೋಡಿ, ಅವು ಹೊಂದಿದರೆ ಅದಕ್ಕೂ ಹಿಂದಿನದನ್ನು ವಿಶ್ವಾಸದಿಂದ ಬರೆದುಕೊಳ್ಳಬಹುದು. ರಾಜವಂಶಕ್ಕೋ ಪುರಾಣಕ್ಕೋ ಜೋಡಿಸುವ ಮೇಲ್ತುದಿಯನ್ನು ಕಥೆಯಾಗಿ ಬರೆದಿಡಿ, ವಂಶವೃಕ್ಷದ ಗೆರೆಯಾಗಿ ಎಳೆಯಬೇಡಿ.

ಕಾಶಿ, ಗಯಾ, ಹರಿದ್ವಾರದ ಪಂಡರ ವಹಿಗಳಿಗೆ ದೇಶದಲ್ಲಿ ದೊಡ್ಡ ಹೆಸರಿದೆ. ಕನ್ನಡಿಗರಿಗೆ ಅವು ಅಷ್ಟಾಗಿ ಒದಗುವುದಿಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಿರಿಯರು ಅಷ್ಟು ದೂರ ಹೋಗಿ ಶ್ರಾದ್ಧ ಮಾಡಿಸಿದ್ದರೆ ಮಾತ್ರ ಹೆಸರು ಇರುತ್ತದೆ. ಹೋದ ನೆನಪು ಮನೆಯಲ್ಲಿದ್ದರೆ ಗಯಾ, ಮುಂಬಯಿ ಕರ್ನಾಟಕದವರಾದರೆ ನಾಸಿಕ ಮತ್ತು ತ್ರ್ಯಂಬಕ ಪ್ರಯತ್ನಿಸಲು ಯೋಗ್ಯ. ವಹಿಗಳು ಮೂಲ ಊರಿನ ಮೇಲೆ ವಿಂಗಡಣೆಯಾಗಿರುವುದರಿಂದ ಇಂದಿನ ವಿಳಾಸವನ್ನಲ್ಲ, ಅಜ್ಜನ ಊರನ್ನು ಹೇಳಬೇಕು.

ಕ್ರೈಸ್ತ ಕುಟುಂಬಗಳ ಸ್ಥಿತಿ ಇವೆಲ್ಲಕ್ಕಿಂತ ಉತ್ತಮ. ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರೂ ಬೇರೆ ಬೇರೆ ಪುಸ್ತಕಗಳಲ್ಲಿದ್ದು, ತಾಯಿಯ ಹೆಸರೂ ದೇವತಂದೆ ದೇವತಾಯಿಯರ ಹೆಸರೂ ಬರುತ್ತವೆ. ಆದರೆ ಮಂಗಳೂರಿನ ಕಥೋಲಿಕರಿಗೆ 1784 ಒಂದು ಗೋಡೆ. ಟಿಪ್ಪುವಿನ ಸೆರೆಯ ಕಾಲದಲ್ಲಿ ಇಗರ್ಜಿಗಳು ನಾಶವಾದುದರಿಂದ ಅದಕ್ಕೂ ಹಿಂದಿನದನ್ನು ಗೋವೆಯ ಕಡೆಯಿಂದ ಹುಡುಕಬೇಕಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಿಗೆ ಸೇರಿದವರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹವನ್ನೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಮಿಷನ್ ಪತ್ರಾಗಾರವನ್ನೂ ನೋಡಬಹುದು. ಮುಸ್ಲಿಂ ಕುಟುಂಬಗಳಿಗೆ ಖಾಜಿಗಳ ನಿಕಾಹ್ ವಹಿಯಲ್ಲಿ ವಧೂವರರ ತಂದೆಯರ ಹೆಸರು, ಮೆಹರ್, ಸಾಕ್ಷಿಗಳು ಸಿಗುತ್ತವೆ.

ಪತ್ರಾಗಾರಕ್ಕೆ ಯಾವಾಗ

ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಮೊದಲೇ ಹೋಗುವುದು ವ್ಯರ್ಥ. ಅಲ್ಲಿರುವುದು ಸರ್ಕಾರದ ಪತ್ರವ್ಯವಹಾರ. ಸಾಮಾನ್ಯ ರೈತನ ಹೆಸರು ಅದರಲ್ಲಿ ಬರಬೇಕಾದರೆ ಅವನು ಯಾವುದಾದರೂ ಅಹವಾಲು ಸಲ್ಲಿಸಿರಬೇಕು ಅಥವಾ ಇನಾಮು, ಉಂಬಳಿ, ನೌಕರಿಗಳ ಸಂಬಂಧವಿರಬೇಕು. ಇನಾಮ್‌ದಾರ, ದೇಸಾಯಿ, ಅರಮನೆಯ ನೌಕರಿಯ ಮನೆತನಗಳವರಿಗೆ ಮಾತ್ರ ಇದು ಮೊದಲ ದರ್ಜೆಯ ಆಕರ. ಮುಂಬಯಿ ಕರ್ನಾಟಕದ ಇನಾಮ್‌ದಾರರು 1852ರ ಕಾಯ್ದೆಯ ಇನಾಮು ಆಯೋಗದ ಮುಂದೆ ತಮ್ಮ ಸನದುಗಳನ್ನೂ ವಂಶಾವಳಿಯನ್ನೂ ಒಪ್ಪಿಸಬೇಕಾಗಿತ್ತು, ಆದ್ದರಿಂದ ಅವರು ಬೆಂಗಳೂರಿಗಿಂತ ಪುಣೆಯ ಪತ್ರಾಗಾರವನ್ನು ನೋಡುವುದು ಹೆಚ್ಚು ಫಲದಾಯಕ. ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ಪತ್ರಾಗಾರದಲ್ಲಿ ನಿಜಾಮರ ಕಾಲದ ಕಾಗದಗಳಿವೆ, ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಮದರಾಸು ಪ್ರಾಂತ್ಯದ ಕಾಗದಗಳಿವೆ.

ಇವುಗಳಲ್ಲಿ ಯಾವುದಕ್ಕೆ ಹೋಗುವುದಾದರೂ ಊರಿನ ಅಂದಿನ ಹೆಸರು, ಅಂದಿನ ತಾಲ್ಲೂಕು, ಕನಿಷ್ಠ ಒಬ್ಬ ಪೂರ್ವಜರ ಹೆಸರು ಮತ್ತು ಹತ್ತು ವರ್ಷಗಳ ಒಳಗಿನ ಅಂದಾಜು ಕಾಲ, ಇಷ್ಟನ್ನು ತಾಲ್ಲೂಕು ಮಟ್ಟದಲ್ಲಿಯೇ ಗಟ್ಟಿಮಾಡಿಕೊಂಡಿರಬೇಕು. ತಾಲ್ಲೂಕಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಈಗ ನಡೆಯುತ್ತಿರುವುದರಿಂದ, ನಿಮ್ಮ ಊರಿನ ಪುಸ್ತಕಗಳು ಸ್ಕ್ಯಾನಿಗೆ ಹೋಗಿವೆಯೇ ಎಂದು ರೆಕಾರ್ಡ್ ರೂಮಿನಲ್ಲಿ ಮೊದಲು ವಿಚಾರಿಸಿ. ನಕಲು ಕೈಗೆ ಬಂದ ಕೂಡಲೇ ಅದರ ಹಿಂದೆ ಪುಸ್ತಕದ ಹೆಸರು, ಸಂಪುಟ, ಪುಟ, ಕಚೇರಿ ಮತ್ತು ದಿನಾಂಕವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಡಿ. ಮೋಡಿಯಲ್ಲಿಯೋ ಉರ್ದುವಿನಲ್ಲಿಯೋ ಇರುವ ಹಾಳೆಯಾದರೆ ಓದಿಸುವ ಮೊದಲೇ ಅದರ ಸ್ಪಷ್ಟವಾದ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಿ, ಏಕೆಂದರೆ ಒಬ್ಬರು ಓದಿದ ಹೆಸರನ್ನು ಇನ್ನೊಬ್ಬರಿಂದ ಓದಿಸಿ ನೋಡುವ ಸಂದರ್ಭ ಬಂದೇ ಬರುತ್ತದೆ.